ಗದ್ದೆಯಿಂದ ಸದನಕ್ಕೆ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆ ಕಾಗೋಡು ಸತ್ಯಾಗ್ರಹ ಎಂದರೆ ಒಂದು ಅಂಕದ ಪ್ರಶ್ನೆ. ವರ್ಷ 1951, ಸ್ಥಳ ಸಾಗರ ತಾಲ್ಲೂಕು. ಅಷ್ಟು ನೆನಪಿಟ್ಟುಕೊಂಡರೆ ಮುಗಿಯಿತು. ನನ್ನನ್ನು ಅಲ್ಲೇ ನಿಲ್ಲಿಸಿದ್ದು ಶಾಂತವೇರಿ ಗೋಪಾಲಗೌಡರ ವಯಸ್ಸು. ಆಗ ಅವರಿಗೆ ಬರೀ 28. ಎಂ.ಸಿ.ಸಿ. ಬಡಾವಣೆಯ ಬಾಡಿಗೆ ಕೋಣೆಗಳಲ್ಲಿ ಅರ್ಜಿ ಹಾಕಿ ಫಲಿತಾಂಶಕ್ಕೆ ಕಾಯುವ ನಮ್ಮದೂ ಹೆಚ್ಚುಕಡಿಮೆ ಅದೇ ವಯಸ್ಸು.

ಗೌಡರು ಹುಟ್ಟಿದ್ದು 1923ರಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಆರಗದ ಬಡ ಕುಟುಂಬದಲ್ಲಿ. ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಳವಳಿಗೆ ಇಳಿದು ಜೈಲು ಕಂಡರು. ಸ್ವಾತಂತ್ರ್ಯ ಬಂದ ಮೇಲೂ ಮಲೆನಾಡಿನ ಗೇಣಿದಾರರ ಪಾಡು ಬದಲಾಗಿರಲಿಲ್ಲ. ಕಾಗೋಡಿನಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದಲ್ಲೇ ಮೋಸವಿತ್ತು. ಎಚ್. ಗಣಪತಿಯಪ್ಪ ರೈತರನ್ನು ಒಗ್ಗೂಡಿಸಿದರು. ಸಮಾಜವಾದಿ ಪಕ್ಷದ ಯುವಕರೊಂದಿಗೆ ಗೌಡರು ಅವರ ಬೆನ್ನಿಗೆ ನಿಂತರು. ರೈತರು ಗದ್ದೆಗಿಳಿದು ಬಂಧನಕ್ಕೊಳಗಾದರು. ಬೆಂಬಲಿಸಲು ಬಂದ ರಾಮಮನೋಹರ ಲೋಹಿಯಾ ಅವರೂ ಬಂಧಿತರಾದರು.

ಹೋರಾಟದಿಂದ ಭೂಮಿ ಕೂಡಲೇ ರೈತರ ಕೈಗೆ ಬರಲಿಲ್ಲ. ಗೌಡರು ಕೈಚೆಲ್ಲಲಿಲ್ಲ. 1952ರ ಮೊದಲ ಮಹಾಚುನಾವಣೆಯಲ್ಲಿ ಗೆದ್ದು ಮೈಸೂರು ವಿಧಾನಸಭೆಗೆ ಹೋದರು. 1957ರಲ್ಲಿ ಸೋತರು; 1962 ಮತ್ತು 1967ರಲ್ಲಿ ಮತ್ತೆ ಗೆದ್ದರು. ಉಳುವವನಿಗೇ ಭೂಮಿ ಸಿಗಬೇಕು, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬರಬೇಕು ಎಂದು ಸದನದಲ್ಲಿ ವಾದಿಸಿದರು. ತನಗಾಗಿ ಆಸ್ತಿ ಮಾಡಿಕೊಳ್ಳಲಿಲ್ಲ. 1972ರ ಜೂನ್‌ನಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು. 1973ರಲ್ಲಿ ರಾಜ್ಯ ಕರ್ನಾಟಕವಾಯಿತು. 1974ರಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಎರಡನ್ನೂ ನೋಡಲು ಅವರಿರಲಿಲ್ಲ.

ಆದರೆ ಅವರ ಜೊತೆಗಾರರಿದ್ದರು. ಅವರಲ್ಲೊಬ್ಬರು ನಮ್ಮ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲ್. ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿ ಹೆಸರಾದವರು. 1997ರಲ್ಲಿ ದಾವಣಗೆರೆ ಜಿಲ್ಲೆಯಾದದ್ದು ಅವರು ಮುಖ್ಯಮಂತ್ರಿಯಾಗಿದ್ದಾಗಲೇ.

ಈಚೆಗೆ ನೆರೆಯ ದೇಶಗಳ ಸುದ್ದಿ ನೋಡಿದಾಗ ಗೆಳೆಯರಲ್ಲಿ ವಾದ ಏಳುತ್ತದೆ. 2022ರಲ್ಲಿ ಶ್ರೀಲಂಕಾ, 2024ರಲ್ಲಿ ಬಾಂಗ್ಲಾದೇಶ, 2025ರಲ್ಲಿ ನೇಪಾಳ. ಮೂರೂ ಕಡೆ ಯುವಜನ ಬೀದಿಗಿಳಿದರು, ಆಳುವವರು ಕುರ್ಚಿ ಬಿಟ್ಟರು. ಮತ ಹಾಕಿ ಏನು ಪ್ರಯೋಜನ, ಬೀದಿಯೇ ಸರಿ ಎನ್ನುವವರಿದ್ದಾರೆ. ಇದ್ಯಾವುದೂ ಬೇಡ, ನೌಕರಿ ಸಿಕ್ಕರೆ ಸಾಕು ಎನ್ನುವವರು ಇನ್ನೂ ಹೆಚ್ಚು. ಶ್ರೀಲಂಕಾದಲ್ಲಿ ಅಧ್ಯಕ್ಷರು ಓಡಿಹೋದದ್ದು ಜನರ ಸಿಟ್ಟಿಗೆ. ಹೊಸ ಪಕ್ಷ ಅಧಿಕಾರಕ್ಕೆ ಬಂದದ್ದು ಎರಡು ವರ್ಷಗಳ ನಂತರ, ಮತಪೆಟ್ಟಿಗೆಯಿಂದ. ಗೌಡರಿಗೆ ಗದ್ದೆ, ಜೈಲು, ಸದನ ಮೂರೂ ಒಂದೇ ದಾರಿಯ ನಿಲ್ದಾಣಗಳು. ಬೀದಿಯ ಕೂಗು ಕಾನೂನಾಗಲು ಒಳಗೆ ಕೂತು ವರ್ಷಗಟ್ಟಲೆ ವಾದಿಸುವವರು ಬೇಕು.

ಅವರು ಮೊದಲು ಗೆದ್ದಾಗ ಮತದಾನದ ವಯಸ್ಸು 21 ಇತ್ತು, 1989ರಿಂದ 18. ಪಂಚಾಯಿತಿ, ಪಾಲಿಕೆಗೆ ಸ್ಪರ್ಧಿಸಲು 21 ಸಾಕು, ವಿಧಾನಸಭೆಗೆ 25. ಪ್ರತಿ ಅಧಿಸೂಚನೆಯಲ್ಲೂ ಗರಿಷ್ಠ ವಯೋಮಿತಿ ಹುಡುಕುವ ನಾವು ಈ ಕನಿಷ್ಠ ವಯೋಮಿತಿಯನ್ನೂ ಒಮ್ಮೆ ನೋಡಬೇಕು ಗೆಳೆಯರೇ. ಇದಕ್ಕೆ ಗರಿಷ್ಠ ಎಂಬುದೇ ಇಲ್ಲ.