ಎರಡು ಸಲ ಫೇಲಾದ ಹುಡುಗ: ಡಾ. ಯಲ್ಲಾಪ್ರಗಡ ಸುಬ್ಬರಾವ್



ವಾರಕ್ಕೊಂದು ದಿನ ಊಟ ಆದ ಮೇಲೆ ನಮಗೆ ಶಾಲೆಯಲ್ಲಿ ನೀಲಿ ಮಾತ್ರೆ ಕೊಡ್ತಾರೆ. ಕೆಲವರು ನುಂಗ್ತೀವಿ. ಕೆಲವರು ನಾಲಿಗೆ ಕೆಳಗೆ ಇಟ್ಕೊಂಡು ಹೋಗಿ ಕಾಂಪೌಂಡ್ ಹಿಂದೆ ಉಗುಳ್ತೀವಿ. ಇದು ಎಲ್ಲರಿಗೂ ಗೊತ್ತಿರೋ ಗುಟ್ಟು. ಆ ಮಾತ್ರೆಯಲ್ಲಿ ಮುಖ್ಯವಾಗಿ ಎರಡು ವಸ್ತುಗಳಿವೆ. ಒಂದು ಕಬ್ಬಿಣದ ಅಂಶ, ಇನ್ನೊಂದು ಫೋಲಿಕ್ ಆಮ್ಲ. ಈ ಫೋಲಿಕ್ ಆಮ್ಲವನ್ನು ಪ್ರಯೋಗಶಾಲೆಯಲ್ಲಿ ತಯಾರಿಸುವ ದಾರಿ ಕಂಡುಹಿಡಿದ ತಂಡದ ಮುಖ್ಯಸ್ಥರು ನಮ್ಮ ಪಕ್ಕದ ಆಂಧ್ರದವರು. ಅವರ ಹೆಸರು ಡಾ. ಯಲ್ಲಾಪ್ರಗಡ ಸುಬ್ಬರಾವ್. ಅವರ ಜೀವನವನ್ನು ಓದಿದ ಮೇಲೆ ಉಗುಳೋದಕ್ಕೆ ಮನಸ್ಸು ಬರೋದಿಲ್ಲ.

ಸುಬ್ಬರಾಯರು 1895ರ ಜನವರಿ 12ರಂದು ಗೋದಾವರಿ ಸೀಮೆಯ ಭೀಮವರಂನಲ್ಲಿ ಹುಟ್ಟಿದರು. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ಏಳು ಜನ ಮಕ್ಕಳಲ್ಲಿ ಇವರು ನಾಲ್ಕನೆಯವರು. ತಂದೆ ಕಂದಾಯ ಇಲಾಖೆಯಲ್ಲಿದ್ದರು. ಆರೋಗ್ಯ ಕೆಟ್ಟು ಬೇಗ ಕೆಲಸ ಬಿಡಬೇಕಾಯಿತು. ಮನೆಯಲ್ಲಿ ಬಡತನ. ಸುಬ್ಬರಾಯರಿಗೆ 13 ವರ್ಷ ಆದಾಗ ಒಂದು ಯೋಚನೆ ಬಂತು. ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿದರೆ ಬೇಕಾದಷ್ಟು ದುಡ್ಡು ಮಾಡಬಹುದು ಅಂತ! ಒಬ್ಬ ನೆಂಟರ ಹುಡುಗನನ್ನು ಕರಕೊಂಡು ಮನೆ ಬಿಟ್ಟು ಓಡಿಹೋದರು. ತಾಯಿ ಸುಮ್ಮನೆ ಬಿಡಲಿಲ್ಲ. ಹಿಡಿದು ವಾಪಸ್ಸು ಕರೆಸಿ ಮತ್ತೆ ಶಾಲೆಗೆ ಕಳಿಸಿದರು.

ಶಾಲೆಗೇನೋ ಹೋದರು, ಆದರೆ ಮೆಟ್ರಿಕ್ ಪರೀಕ್ಷೆಯಲ್ಲಿ ಫೇಲಾದರು. ಇನ್ನೊಂದು ಸಲ ಕಟ್ಟಿದರು, ಆಗಲೂ ಫೇಲು. ಅಷ್ಟರಲ್ಲಿ ತಂದೆಯೂ ತೀರಿಹೋದರು. ತಾಯಿ ಧೈರ್ಯ ಬಿಡದೆ ಮಗನನ್ನು ಮದ್ರಾಸಿಗೆ ಕಳಿಸಿದರು. ಅಲ್ಲಿನ ಹಿಂದೂ ಹೈಸ್ಕೂಲಿನಿಂದ ಮೂರನೇ ಸಲ ಕೂತು ಪಾಸಾದರು. ನಮ್ಮ ಊರಲ್ಲಿ ಒಂದು ಸಲ ಫೇಲಾದರೆ ಸಾಕು, ಎಮ್ಮೆ ಕಾಯೋಕೆ ಹೋಗು ಅಂತಾರೆ. ಅವತ್ತು ವೆಂಕಮ್ಮನವರೂ ಹಾಗೇ ಅಂದಿದ್ದರೆ ಈ ಲೇಖನ ಬರೆಯೋದಕ್ಕೆ ಏನೂ ಇರುತ್ತಿರಲಿಲ್ಲ.

ಕಾಲೇಜು ಓದುವಾಗ ಸುಬ್ಬರಾಯರಿಗೆ ಸನ್ಯಾಸಿ ಆಗಬೇಕು ಅನ್ನಿಸಿತು. ರಾಮಕೃಷ್ಣ ಮಠ ಸೇರಬೇಕೆಂದರು. ತಾಯಿ ಒಪ್ಪಲಿಲ್ಲ. ಕೊನೆಗೆ ವೈದ್ಯನಾಗಿ ಜನಸೇವೆ ಮಾಡೋಣ ಎಂದು ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು. ಸ್ನೇಹಿತರೂ ಮುಂದೆ ಮಾವನಾದ ಕಸ್ತೂರಿ ಸೂರ್ಯನಾರಾಯಣ ಮೂರ್ತಿಯವರೂ ಓದಿಗೆ ಸಹಾಯ ಮಾಡಿದರು. ಆ ಸಮಯದಲ್ಲೇ ಸ್ಪ್ರೂ ಎಂಬ ಕಾಯಿಲೆ ಅವರ ಮನೆಗೆ ಬಂತು. ಈ ಕಾಯಿಲೆ ಬಂದವರಿಗೆ ಉಂಡ ಅನ್ನ ಮೈಗೆ ಹತ್ತೋದಿಲ್ಲ. ಭೇದಿಯಾಗಿ, ರಕ್ತ ಕಡಿಮೆಯಾಗಿ, ಮನುಷ್ಯ ಸವೆದು ಹೋಗ್ತಾನೆ. ಕೆಲವೇ ದಿನಗಳ ಅಂತರದಲ್ಲಿ ಅವರ ಇಬ್ಬರು ಸೋದರರು ತೀರಿಕೊಂಡರು. ವೈದ್ಯಕೀಯ ಓದುತ್ತಿದ್ದ ಸುಬ್ಬರಾಯರ ಕೈಯಲ್ಲಿ ಏನೂ ಮಾಡಲಾಗಲಿಲ್ಲ. ಆಗ ಇದಕ್ಕೆ ಔಷಧಿಯೇ ಇರಲಿಲ್ಲ.

ಅದು ಗಾಂಧೀಜಿಯವರ ಚಳುವಳಿಯ ಕಾಲ. ಸುಬ್ಬರಾಯರು ವಿಲಾಯಿತಿ ಬಟ್ಟೆ ಬಿಟ್ಟು, ಆಪರೇಷನ್ ಕೋಣೆಯಲ್ಲೂ ಖಾದಿ ನಿಲುವಂಗಿ ತೊಟ್ಟರು. ಇದು ಇಂಗ್ಲಿಷ್ ಪ್ರೊಫೆಸರಿಗೆ ಹಿಡಿಸಲಿಲ್ಲ. ಲಿಖಿತ ಪರೀಕ್ಷೆ ಚೆನ್ನಾಗಿ ಬರೆದಿದ್ದರೂ ಅವರಿಗೆ ಎಂ.ಬಿ.ಬಿ.ಎಸ್. ಪದವಿ ಸಿಗಲಿಲ್ಲ. ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಸರ್ಟಿಫಿಕೇಟು ಕೊಟ್ಟು ಕಳಿಸಿದರು. ಸ್ವಲ್ಪ ಕಾಲ ಮದ್ರಾಸಿನ ಆಯುರ್ವೇದ ಕಾಲೇಜಿನಲ್ಲಿ ಪಾಠ ಹೇಳಿದರು. ಆಮೇಲೆ ಹೆಚ್ಚಿನ ಓದಿಗೆಂದು ಹೆಂಡತಿ ಶೇಷಗಿರಿಯವರನ್ನು ಊರಲ್ಲಿ ಬಿಟ್ಟು ಹಡಗು ಹತ್ತಿದರು. 1922ರ ಅಕ್ಟೋಬರ್‌ನಲ್ಲಿ ಅಮೆರಿಕದ ಬಾಸ್ಟನ್ ನಗರ ಸೇರಿದರು.

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಓದು, ಆಸ್ಪತ್ರೆಯಲ್ಲಿ ಜವಾನನ ಕೆಲಸ. ರೋಗಿಗಳ ಮಲಮೂತ್ರದ ಪಾತ್ರೆ ತೊಳೆದು ಹೊಟ್ಟೆ ಹೊರೆದರು. ಮುಂದೆ ಸೈರಸ್ ಫಿಸ್ಕೆ ಎಂಬ ಪ್ರೊಫೆಸರ ಪ್ರಯೋಗಶಾಲೆ ಸೇರಿದರು. ರಕ್ತದಲ್ಲಿ, ಮಾಂಸದಲ್ಲಿ ರಂಜಕ ಎಷ್ಟಿದೆ ಅಂತ ಅಳೆಯುವ ಒಂದು ಸುಲಭ ವಿಧಾನವನ್ನು ಇಬ್ಬರೂ ಸೇರಿ 1925ರಲ್ಲಿ ಪ್ರಕಟಿಸಿದರು. ಅದರಲ್ಲಿ ದ್ರಾವಣ ನೀಲಿ ಬಣ್ಣಕ್ಕೆ ತಿರುಗುತ್ತದೆ. ನೀಲಿ ಗಾಢವಾದಷ್ಟೂ ರಂಜಕ ಜಾಸ್ತಿ ಅಂತ ಲೆಕ್ಕ. ಬಯೋಕೆಮಿಸ್ಟ್ರಿ ಓದಿದವರು ಇದನ್ನು ಫಿಸ್ಕೆ-ಸುಬ್ಬರಾವ್ ವಿಧಾನ ಎಂದೇ ಕರೆಯುತ್ತಾರೆ.

ಈ ಅಳತೆಯ ದಾರಿ ಹಿಡಿದು ಹೋದಾಗಲೇ ದೊಡ್ಡ ಸಂಗತಿಗಳು ಸಿಕ್ಕವು. 1927ರಲ್ಲಿ ಸ್ನಾಯುವಿನೊಳಗೆ ಫಾಸ್ಫೊಕ್ರಿಯಾಟಿನ್ ಎಂಬ ವಸ್ತು ಕಂಡುಬಂತು. ಸ್ನಾಯು ದುಡಿದಾಗ ಅದು ಖರ್ಚಾಗುತ್ತದೆ, ಸುಧಾರಿಸಿಕೊಂಡಾಗ ಮತ್ತೆ ತುಂಬಿಕೊಳ್ಳುತ್ತದೆ. 1929ರಲ್ಲಿ ಎ.ಟಿ.ಪಿ. ಎಂಬ ಇನ್ನೊಂದು ವಸ್ತುವನ್ನು ಬೇರ್ಪಡಿಸಿದರು. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಎಂಬುವರೂ ಸ್ವತಂತ್ರವಾಗಿ ಇದನ್ನು ಕಂಡುಹಿಡಿದರು.

ಎ.ಟಿ.ಪಿ. ಅಂದ್ರೆ ಏನು? ಒಂದು ಉದಾಹರಣೆ ಹೇಳ್ತೀನಿ. ಸಂತೆಗೆ ಹೋಗೋಕೆ ಬಸ್ಸು ಹತ್ತಿ ಕಂಡಕ್ಟರಿಗೆ ರಾಗಿ ಮೂಟೆ ಕೊಟ್ಟರೆ ಟಿಕೆಟ್ ಕೊಡ್ತಾನಾ? ಇಲ್ಲ. ರಾಗಿ ಮಾರಿ ಚಿಲ್ಲರೆ ಮಾಡಿಕೊಂಡು ಬರಬೇಕು. ನಮ್ಮ ದೇಹವೂ ಹಾಗೇ. ನಾವು ತಿಂದ ಮುದ್ದೆ ನೇರವಾಗಿ ಕೈಕಾಲು ಆಡಿಸೋದಿಲ್ಲ. ಜೀವಕೋಶದೊಳಗೆ ಅದು ಎ.ಟಿ.ಪಿ. ಎಂಬ ಚಿಲ್ಲರೆಯಾಗಿ ಬದಲಾಗಬೇಕು. ಎ.ಟಿ.ಪಿ.ಯಲ್ಲಿ ಮೂರು ಫಾಸ್ಫೇಟ್ ಗುಂಪುಗಳು ಸಾಲಾಗಿ ಇರುತ್ತವೆ. ಕೊನೆಯದು ಕಳಚಿದಾಗ ಶಕ್ತಿ ಸಿಗುತ್ತದೆ. ಮತ್ತೆ ಅದನ್ನು ಜೋಡಿಸುವ ಕೆಲಸ ಹೆಚ್ಚಾಗಿ ನಡೆಯೋದು ಮೈಟೋಕಾಂಡ್ರಿಯದಲ್ಲಿ. ನಾವು ಓಡೋದು, ಯೋಚಿಸೋದು, ಎದೆ ಬಡಿಯೋದು ಎಲ್ಲಕ್ಕೂ ಇದೇ ಬೇಕು. ಮಳೆಗಾಲದ ರಾತ್ರಿ ಮಿಂಚುಹುಳ ಮಿನುಗೋದಕ್ಕೂ ಎ.ಟಿ.ಪಿ. ಬೇಕು.

ಈ ಚಿಲ್ಲರೆ ಹೇಗೆ ತಯಾರಾಗುತ್ತೆ ಅಂತ ವಿಜ್ಞಾನಿಗಳು ಆಮೇಲೂ ಹುಡುಕುತ್ತಾ ಹೋದರು. ಜೀವಕೋಶದಲ್ಲಿ ಗಾಣದ ಹಾಗೆ ಗಿರಗಿರನೆ ತಿರುಗುವ ಒಂದು ಅತಿ ಸಣ್ಣ ಯಂತ್ರ ಇದೆ, ಅದೇ ಎ.ಟಿ.ಪಿ. ಮಾಡುತ್ತದೆ ಎಂದು ತಿಳಿಯಿತು. ಆ ಕೆಲಸಕ್ಕಾಗಿ ಪಾಲ್ ಬೋಯರ್ ಮತ್ತು ಜಾನ್ ವಾಕರ್ ಅವರಿಗೆ 1997ರಲ್ಲಿ ನೊಬೆಲ್ ಬಹುಮಾನ ಬಂತು. ಅದೇ ವರ್ಷ ಜಪಾನಿನ ವಿಜ್ಞಾನಿಗಳು ಆ ಯಂತ್ರ ತಿರುಗುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡರು.

ಇಷ್ಟೆಲ್ಲ ಮಾಡಿದರೂ ಸುಬ್ಬರಾಯರಿಗೆ ಹಾರ್ವರ್ಡ್‌ನಲ್ಲಿ ಖಾಯಂ ನೌಕರಿ ಸಿಗಲಿಲ್ಲ. 1940ರಲ್ಲಿ ಅವರು ಲೆಡರ್ಲೆ ಎಂಬ ಔಷಧಿ ಕಂಪನಿ ಸೇರಿ, ಮುಂದೆ ಅಲ್ಲಿನ ಸಂಶೋಧನೆಯ ಮುಖ್ಯಸ್ಥರಾದರು. ಅಲ್ಲಿ ಅವರ ತಂಡ ಫೋಲಿಕ್ ಆಮ್ಲದ ಬೆನ್ನು ಹತ್ತಿತು. ಹಸಿರು ಸೊಪ್ಪಿನಲ್ಲಿ ಇರುವ ಈ ವಸ್ತು ಇಲ್ಲದೆ ಜೀವಕೋಶ ಹೊಸ ಡಿ.ಎನ್.ಎ. ಮಾಡಿಕೊಳ್ಳಲಾರದು. ಡಿ.ಎನ್.ಎ. ಇಲ್ಲದೆ ಕೋಶ ಎರಡಾಗುವುದಿಲ್ಲ. ರಕ್ತದ ಕಣಗಳು ದಿನವೂ ಲೆಕ್ಕವಿಲ್ಲದಷ್ಟು ಹೊಸದಾಗಿ ಹುಟ್ಟಬೇಕಲ್ಲ, ಅದಕ್ಕೇ ಫೋಲಿಕ್ ಆಮ್ಲ ಕಡಿಮೆಯಾದರೆ ಮೊದಲು ಕೆಡೋದು ರಕ್ತ. 1945ರಲ್ಲಿ ಸುಬ್ಬರಾಯರ ತಂಡ ಇದನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿತು. ಸ್ಪ್ರೂ ರೋಗಿಗಳಿಗೆ ಇದನ್ನು ಕೊಟ್ಟಾಗ ಅವರು ಚೇತರಿಸಿಕೊಂಡರು. ಸೋದರರನ್ನು ಕಳಕೊಂಡು ಸುಮಾರು 25 ವರ್ಷಗಳಾದ ಮೇಲೆ ಆ ಕಾಯಿಲೆಗೆ ಔಷಧಿ ಸಿಕ್ಕಿತು.

ಅಲ್ಲಿಗೇ ನಿಲ್ಲಲಿಲ್ಲ. ಫೋಲಿಕ್ ಆಮ್ಲದ ಹಾಗೇ ಕಾಣುವ, ಆದರೆ ಕೆಲಸ ಮಾಡದ ವಸ್ತುಗಳನ್ನೂ ತಯಾರಿಸಿದರು. ಬೀಗಕ್ಕೆ ಬೇರೆ ಕೀಲಿ ತುರುಕಿದರೆ ಒಳಗೇ ಸಿಕ್ಕಿಕೊಂಡು ಬೀಗ ಕೆಡುತ್ತದಲ್ಲ, ಹಾಗೆ ಇವು ಕೋಶದ ಕೆಲಸ ನಿಲ್ಲಿಸುತ್ತವೆ. ರಕ್ತದ ಕ್ಯಾನ್ಸರ್‌ನಲ್ಲಿ ಕೋಶಗಳು ಮಿತಿಮೀರಿ ಬೆಳೆಯುತ್ತವೆ. ಅವುಗಳನ್ನು ತಡೆಯಲು ಬಾಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ ಈ ಔಷಧಿ ಬಳಸಿದರು. 16 ಮಕ್ಕಳಲ್ಲಿ 10 ಮಕ್ಕಳು ಸ್ವಲ್ಪ ಕಾಲವಾದರೂ ಚೇತರಿಸಿಕೊಂಡರು ಎಂದು 1948ರ ಜೂನ್‌ನಲ್ಲಿ ವರದಿಯಾಯಿತು. ಆ ಗುಂಪಿನ ಮೆಥೊಟ್ರೆಕ್ಸೇಟ್ ಔಷಧಿಯನ್ನು ಕ್ಯಾನ್ಸರ್‌ಗೂ ಕೀಲುವಾತಕ್ಕೂ ಇಂದಿಗೂ ಕೊಡ್ತಾರೆ. ಆನೆಕಾಲು ರೋಗದ ಡಿ.ಇ.ಸಿ. ಮಾತ್ರೆಯೂ ಇದೇ ಲೆಡರ್ಲೆ ತಂಡದಿಂದ 1947ರಲ್ಲಿ ಬಂದದ್ದು. ನಮ್ಮ ರಾಜ್ಯದ ಕರಾವಳಿಯಲ್ಲಿ, ಕಲಬುರಗಿ ಬೀದರ್ ಕಡೆ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ನುಂಗಿಸಿದ್ದು ಈ ಮಾತ್ರೆಯನ್ನೇ.

1948ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಮಲಗಿದ ಸುಬ್ಬರಾಯರು ನಿದ್ದೆಯಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 53 ವರ್ಷ. ಅಮೆರಿಕಕ್ಕೆ ಹೋದವರು ಮತ್ತೆ ಊರಿಗೆ ಬರಲೇ ಇಲ್ಲ. ಕಾಯುತ್ತಿದ್ದ ಹೆಂಡತಿ ಕಾಯುತ್ತಲೇ ಉಳಿದರು. ಇದು ಅವರ ಜೀವನದ ದುಃಖದ ಭಾಗ. ಅದನ್ನು ಮುಚ್ಚಿಟ್ಟು ಬರೀ ಹೊಗಳಿ ಬರೆಯೋದು ಸರಿಯಲ್ಲ ಅಂತ ನನಗೆ ಅನ್ನಿಸಿತು. ಅವರಿಗೆ ನೊಬೆಲ್ ಬಹುಮಾನವೂ ಬರಲಿಲ್ಲ. ತಮ್ಮ ಹೆಸರನ್ನು ಮುಂದೆ ತಳ್ಳುವ ಸ್ವಭಾವ ಅವರದಲ್ಲ. 1995ರಲ್ಲಿ, ಅವರು ಹುಟ್ಟಿ ನೂರು ವರ್ಷ ಆದಾಗ, ನಮ್ಮ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ಹೊರಡಿಸಿತು.

ಗೆಳೆಯರೇ, ಪರೀಕ್ಷೆಯಲ್ಲಿ ಎರಡು ಸಲ ಬಿದ್ದವರು, ಪದವಿ ಸಿಗದವರು, ಖಾಯಂ ಕೆಲಸ ಸಿಗದವರು ಮಾಡಿದ ಕೆಲಸ ಇದು. ನಮ್ಮಲ್ಲೂ ಹೋದ ಸಲ ಕೆಲವರು ಫೇಲಾಗಿ ಶಾಲೆ ಬಿಡ್ತೀನಿ ಅಂತಿದ್ದಾರೆ. ದಯವಿಟ್ಟು ಇನ್ನೊಂದು ಸಲ ಕಟ್ಟಿ. ಮನೆಯವರೂ ಇನ್ನೊಂದು ಅವಕಾಶ ಕೊಡಿ. ಮೇಷ್ಟ್ರುಗಳೂ ಅವರ ಮನೆಗೆ ಹೋಗಿ ಒಂದು ಮಾತು ಹೇಳಿದರೆ ಒಳ್ಳೇದು.

ಇನ್ನು ಆ ಮಾತ್ರೆ. ಖಾಲಿ ಹೊಟ್ಟೆಯಲ್ಲಿ ತಗೊಂಡರೆ ಕೆಲವರಿಗೆ ಹೊಟ್ಟೆ ತೊಳಸುತ್ತೆ ನಿಜ. ಅದಕ್ಕೇ ಊಟ ಮಾಡಿ, ನೀರು ಕುಡಿದು ನುಂಗಬೇಕು. ಈ ವಾರ ಕೊಟ್ಟಾಗ ಕಾಂಪೌಂಡ್ ಹಿಂದೆ ಯಾರೂ ಹೋಗೋದು ಬೇಡ. ನಾನೂ ಹೋಗೋದಿಲ್ಲ.