ಬಣ್ಣದ ಗ್ರಂಥಾಲಯ

ಗ್ರಂಥಗಳನ್ನೋದಿ ಪಂಡಿತರಾದವರು ಜಗತ್ತಿನಲ್ಲಿ ಅನೇಕರುಂಟು. ಆದರೆ ಗ್ರಂಥಗಳ ಸಾಲುಗಳನ್ನೇ ಬಣ್ಣ ಹಾಗೂ ರೇಖೆಗಳಲ್ಲಿ ಮೂಡಿಸಿದವರು ವಿರಳ. ಅಂತಹ ವಿರಳ ಕಲಾವಿದರಲ್ಲಿ ಮರಿಯಾ ಎಲೆನಾ ವಿಯೆರಾ ದ ಸಿಲ್ವ ಒಬ್ಬರು.

ಮರಿಯಾ 1908ನೆಯ ಇಸವಿ ಜೂನ್ 13ರಂದು ಪೋರ್ಚುಗಲ್ ದೇಶದ ರಾಜಧಾನಿಯಾದ ಲಿಸ್ಬನ್ ನಗರದಲ್ಲಿ ಜನಿಸಿದಳು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಮಗು ತಾಯಿಯೊಡನೆ ತಾತನ ಮನೆಯನ್ನು ಸೇರಿತು. ತಾಯಿಯ ತಂದೆಯಾದ ಆತ ಹೆಸರಾಂತ ದಿನಪತ್ರಿಕೆಯೊಂದರ ನಿರ್ದೇಶಕರು. ಆ ಮನೆಯಲ್ಲಿ ದೊಡ್ಡ ಗ್ರಂಥಭಂಡಾರವಿತ್ತು. ಪಾಠವೆಲ್ಲವೂ ಮನೆಯಲ್ಲಿಯೇ ನಡೆದುದರಿಂದ ಬಾಲೆಗೆ ಸಹಪಾಠಿಗಳಿರಲಿಲ್ಲ. ಪುಸ್ತಕ, ಸಂಗೀತ, ಚಿತ್ರಕಲೆಗಳೇ ಅವಳ ಸಂಗಾತಿಗಳಾದವು. ಲಿಸ್ಬನ್ನಿನ ಗೋಡೆಗಳನ್ನು ಅಲಂಕರಿಸಿದ್ದ ಬಣ್ಣದ ಹೆಂಚುಗಳ ಪುಟ್ಟ ಚೌಕಗಳು ಅವಳ ಮನದಲ್ಲಿ ಅಚ್ಚೊತ್ತಿ ನಿಂತವು.

1928ರಲ್ಲಿ ಮರಿಯಾ ಕಲಾಭ್ಯಾಸಕ್ಕಾಗಿ ಪ್ಯಾರಿಸ್ಸಿಗೆ ತೆರಳಿದರು. ಮೊದಲು ಶಿಲ್ಪವನ್ನು ಕಲಿತು, ಬಳಿಕ ಚಿತ್ರಕಲೆಯತ್ತ ಹೊರಳಿದರು. 1930ರಲ್ಲಿ ಹಂಗೆರಿಯ ಚಿತ್ರಕಾರ ಆರ್ಪಾದ್ ಸೆನೆಶ್ ಅವರನ್ನು ವರಿಸಿದರು. ಪರದೇಶೀಯನನ್ನು ವಿವಾಹವಾದ ಕಾರಣ ಪೋರ್ಚುಗಲ್ಲಿನ ಪೌರತ್ವವನ್ನು ಅವರು ಕಳೆದುಕೊಳ್ಳಬೇಕಾಯಿತು. 1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಆರ್ಪಾದ್ ಯೆಹೂದ್ಯ ವಂಶದವರಾದುದರಿಂದ ಜೀವಭಯವೂ ಉಂಟಾಯಿತು. ದಂಪತಿಗಳು ಲಿಸ್ಬನ್ನಿಗೆ ಹಿಂದಿರುಗಿ ಆಶ್ರಯ ಬಯಸಿದರು. ಆದರೆ ಅಂದಿನ ಸರ್ಕಾರ ಅವರಿಗೆ ಪೌರತ್ವವನ್ನು ನೀಡಲಿಲ್ಲ. ಹುಟ್ಟಿದ ಊರಿನಲ್ಲಿಯೇ ಮರಿಯಾ ಪರಕೀಯರಾದರು! 1940ರಲ್ಲಿ ಅವರಿಬ್ಬರೂ ಸಾಗರವನ್ನು ದಾಟಿ ಬ್ರೆಜಿಲ್ ದೇಶವನ್ನು ಸೇರಿದರು. ಅಲ್ಲಿಯೂ ಮರಿಯಾ ಕುಂಚವನ್ನು ಕೆಳಗಿಡಲಿಲ್ಲ.

1947ರಲ್ಲಿ ಪ್ಯಾರಿಸ್ಸಿಗೆ ಮರಳಿದ ಮರಿಯಾ 1949ರಲ್ಲಿ 'ಗ್ರಂಥಾಲಯ' ಎಂಬ ತೈಲವರ್ಣಚಿತ್ರವನ್ನು ರಚಿಸಿದರು. ಇದು ಅಮೂರ್ತ ಚಿತ್ರ. ಎಂದರೆ, ವಸ್ತುವನ್ನು ಕಂಡಂತೆಯೇ ಬರೆಯದೆ, ಅದರ ಭಾವವನ್ನು ಬಣ್ಣ ರೇಖೆಗಳಿಂದ ಸೂಚಿಸುವ ಚಿತ್ರ. ಇದರಲ್ಲಿ ಓದುವ ಮನುಷ್ಯರಿಲ್ಲ, ಹೆಸರು ಹೊತ್ತ ಪುಸ್ತಕಗಳಿಲ್ಲ. ಅಡ್ಡಗೆರೆ ಉದ್ದಗೆರೆಗಳ ನಡುವೆ ಒತ್ತಾಗಿ ಕೂಡಿರುವ ಸಣ್ಣ ಸಣ್ಣ ವರ್ಣಖಂಡಗಳೇ ಕಪಾಟುಗಳನ್ನೂ ಗ್ರಂಥಗಳನ್ನೂ ನೆನಪಿಗೆ ತರುತ್ತವೆ. ನೋಡುವವನ ದೃಷ್ಟಿ ಸಾಲಿನಿಂದ ಸಾಲಿಗೆ ಸಾಗಿ, ಕೊನೆಗಾಣದೆ ಅಲೆಯುತ್ತದೆ. ಜ್ಞಾನಕ್ಕೆ ಮೇರೆಯಿಲ್ಲವೆಂಬುದನ್ನು ಆ ಚಿತ್ರ ಮಾತಿಲ್ಲದೆ ತಿಳಿಸುತ್ತದೆ. 1974ರಲ್ಲಿ ಅವರು ಪೂರ್ಣಗೊಳಿಸಿದ ಇನ್ನೊಂದು ಚಿತ್ರದ ಹೆಸರು 'ಉರಿಯುತ್ತಿರುವ ಗ್ರಂಥಾಲಯ'. ಶತಮಾನಗಳ ಕಾಲ ಕೂಡಿಟ್ಟ ಜ್ಞಾನನಿಧಿಯೂ ಕ್ಷಣಾರ್ಧದಲ್ಲಿ ನಾಶವಾಗಬಲ್ಲದೆಂಬ ಎಚ್ಚರಿಕೆ ಆ ಹೆಸರಿನಲ್ಲಿಯೇ ಅಡಗಿದೆ.

1956ರಲ್ಲಿ ಫ್ರಾನ್ಸ್ ದೇಶವು ಅವರಿಗೆ ಪೌರತ್ವವನ್ನು ನೀಡಿತು. ಅವರು ಮತ್ತೆ ಒಂದು ನಾಡಿನ ಪ್ರಜೆಯಾದರು. 1966ರಲ್ಲಿ ಆ ದೇಶದ ರಾಷ್ಟ್ರೀಯ ಕಲಾ ಮಹಾಪ್ರಶಸ್ತಿ ಅವರಿಗೆ ಲಭಿಸಿತು. ಆ ಗೌರವಕ್ಕೆ ಪಾತ್ರರಾದ ಮೊದಲ ಮಹಿಳೆ ಅವರೇ. 1992ನೆಯ ಇಸವಿ ಮಾರ್ಚ್ 6ರಂದು ಮರಿಯಾ ಪ್ಯಾರಿಸ್ಸಿನಲ್ಲಿ ನಿಧನ ಹೊಂದಿದರು.

1994ರಲ್ಲಿ ಲಿಸ್ಬನ್ ನಗರದ ಹಳೆಯ ರೇಷ್ಮೆ ಕಾರ್ಖಾನೆಯ ಕಟ್ಟಡದಲ್ಲಿ ಈ ದಂಪತಿಗಳ ಹೆಸರಿನ ವಸ್ತುಸಂಗ್ರಹಾಲಯವು ತೆರೆಯಿತು. ಒಮ್ಮೆ ನೆಲೆ ದೊರೆಯದ ತವರಿನಲ್ಲಿಯೇ ಅವರ ಕಲೆಗೆ ಶಾಶ್ವತವಾದ ನೆಲೆ ದೊರೆಯಿತು. ಅಧಿಕಾರವು ಪೌರತ್ವವನ್ನು ಕಸಿಯಬಹುದು. ಬಾಲ್ಯದಲ್ಲಿ ಗ್ರಂಥಗಳ ನಡುವೆ ಗಳಿಸಿದ ಸಂಪತ್ತನ್ನು ಯಾರೂ ಕಸಿಯಲಾರರು. ಮರಿಯಾ ಅವರ ಬಾಳು ಇದಕ್ಕೆ ಸಾಕ್ಷಿಯಾಗಿದೆ.