ಹೊರೇಸ್ ಮ್ಯಾನನ ಜೀವನವೂ ಸರ್ವಜನ ಪಾಠಶಾಲೆಯೂ

ಪಾಠಶಾಲೆಯ ವೆಚ್ಚವನ್ನು ಯಾರು ವಹಿಸಬೇಕು, ಅದರ ಆಡಳಿತವು ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಗಳು ತಾಯಿತಂದೆಗಳಿಗೆ ಎಂದೂ ಹಳೆಯವಾಗುವುದಿಲ್ಲ. ಇವುಗಳಿಗಾಗಿ ತನ್ನ ಆಯುಸ್ಸನ್ನು ಸವೆಸಿದ ಅಮೇರಿಕಾ ದೇಶದ ಹೊರೇಸ್ ಮ್ಯಾನನ ಚರಿತ್ರೆಯನ್ನು ಸಂಗ್ರಹವಾಗಿ ನಮ್ಮ ವಾಚಕರ ಮುಂದಿಡುತ್ತೇವೆ.

ಮ್ಯಾನನು 1796ನೆಯ ಇಸವಿ ಮೇ 4ರಂದು ಮ್ಯಾಸಚೂಸೆಟ್ಸ್ ಸಂಸ್ಥಾನದ ಫ್ರಾಂಕ್ಲಿನ್ ಎಂಬ ಊರಿನಲ್ಲಿ ಬೇಸಾಯಗಾರನ ಮಗನಾಗಿ ಜನಿಸಿದನು. ಹದಿಮೂರನೆಯ ವಯಸ್ಸಿನಲ್ಲಿ ಪಿತೃವಿಯೋಗವಾಯಿತು. ಬಾಲ್ಯದಲ್ಲಿ ಅವನಿಗೆ ದೊರೆತ ಶಾಲೆಯ ಪಾಠವು ಅತ್ಯಲ್ಪ. ಊರಿನ ಪುಸ್ತಕ ಭಂಡಾರವೇ ಅವನ ಗುರುವಾಯಿತು. 1819ರಲ್ಲಿ ಬ್ರೌನ್ ವಿದ್ಯಾಲಯದಲ್ಲಿ ಪದವಿ ಪಡೆದು, ವಕೀಲನಾಗಿ, ಮುಂದೆ ಸಂಸ್ಥಾನದ ಸೆನೆಟ್ ಸಭೆಯ ಅಧ್ಯಕ್ಷನಾದನು.

1837ರಲ್ಲಿ ವಿದ್ಯಾಮಂಡಲಿಯ ಕಾರ್ಯದರ್ಶಿಯ ಪದವಿಯು ಬಂದಾಗ ಅವನು ಲಾಭಕರವಾದ ವಕೀಲಿಯನ್ನು ಬಿಟ್ಟು, ವರ್ಷಕ್ಕೆ 1,500 ಡಾಲರುಗಳ ಸಂಬಳಕ್ಕೆ ಒಪ್ಪಿದನು. ಊರೂರು ಸುತ್ತಿ ಶಾಲೆಗಳನ್ನು ಕಂಡನು. ಕಟ್ಟಡಗಳು ಜೀರ್ಣವಾಗಿದ್ದವು, ಉಪಾಧ್ಯಾಯರಿಗೆ ಶಿಕ್ಷಣವಿರಲಿಲ್ಲ. ಧನಿಕರು ತಮ್ಮ ಮಕ್ಕಳನ್ನು ಖಾಸಗಿ ಅಕಾಡೆಮಿಗಳಿಗೆ ಕಳುಹಿಸಿ, ಸಾಮಾನ್ಯ ಶಾಲೆಯ ಚಿಂತೆಯನ್ನೇ ಬಿಟ್ಟಿದ್ದರು. ಬಲವುಳ್ಳವರು ಹೊರಗೆ ಹೋದರೆ ಉಳಿದವರ ಶಾಲೆಯು ಅನಾಥವಾಗುವುದೆಂದು ಮ್ಯಾನನು ಕಂಡುಕೊಂಡನು. ತೆರಿಗೆಯ ಹಣದಿಂದ ನಡೆದು, ಸಿರಿವಂತರಿಗೂ ಬಡವರಿಗೂ ಸಮನಾಗಿ ತೆರೆದಿರುವ ಉತ್ತಮ ಪಾಠಶಾಲೆಯೇ ಅವನ ಗುರಿಯಾಯಿತು.

1839ರಲ್ಲಿ ಲೆಕ್ಸಿಂಗ್ಟನ್ನಿನಲ್ಲಿ ಉಪಾಧ್ಯಾಯಿನಿಯರ ಶಿಕ್ಷಣಕ್ಕಾಗಿ ಸರ್ಕಾರದ ನಾರ್ಮಲ್ ಶಾಲೆಯು ತೆರೆಯಿತು. ಮೊದಲ ದಿನ ಬಂದವರು ಮೂವರೇ ತರುಣಿಯರು. ಅವನು ಪ್ರಷ್ಯದ ಶಾಲೆಗಳನ್ನು ಹೊಗಳಿ ಬರೆದ ವರದಿಯನ್ನು ಬಾಸ್ಟನ್ನಿನ 31 ಮಂದಿ ಉಪಾಧ್ಯಾಯರು 1844ರಲ್ಲಿ ಬಹಿರಂಗವಾಗಿ ಖಂಡಿಸಿದರು. ಅವನು ಹಿಮ್ಮೆಟ್ಟಲಿಲ್ಲ. ಹನ್ನೆರಡು ವಾರ್ಷಿಕ ವರದಿಗಳನ್ನು ಬರೆದು, 1848ರಲ್ಲಿ ಆ ಪದವಿಯನ್ನು ಬಿಟ್ಟು ಕಾಂಗ್ರೆಸ್ ಸಭೆಯನ್ನು ಸೇರಿದನು. 1853ರಿಂದ ಒಹಾಯೊ ಸಂಸ್ಥಾನದ ಆಂಟಿಯೋಕ್ ಕಾಲೇಜಿನ ಅಧ್ಯಕ್ಷನಾಗಿ, ಸ್ತ್ರೀಪುರುಷರಿಬ್ಬರಿಗೂ ಒಂದೆಡೆ ವಿದ್ಯೆಯನ್ನು ಒದಗಿಸಿದನು. 1859ರ ಆಗಸ್ಟ್ 2ರಂದು ಕಾಲವಾದನು.

ಅವನ ದೇಶದಲ್ಲಿ ಆ ವಿವಾದವು ಬೇರೊಂದು ರೂಪದಲ್ಲಿ ಮರಳಿತು. 1991ರಲ್ಲಿ ಮಿನ್ನೆಸೋಟ ಸಂಸ್ಥಾನವು ಚಾರ್ಟರ್ ಶಾಲೆಗಳ ಕಾನೂನನ್ನು ಮೊದಲಾಗಿ ಮಾಡಿತು. ಸರ್ಕಾರದ ಹಣ, ಸ್ವತಂತ್ರ ಆಡಳಿತ, ಶುಲ್ಕವಿಲ್ಲ, ಕರಾರಿನಂತೆ ನಡೆಯದಿದ್ದರೆ ಶಾಲೆಯನ್ನು ಮುಚ್ಚಬಹುದು. ಮ್ಯಾನನ ಮ್ಯಾಸಚೂಸೆಟ್ಸ್ 1993ರಲ್ಲಿ ಇದನ್ನು ಅನುಸರಿಸಿತು. ಆದರೆ ಇಂತಹ ಶಾಲೆಗಳ ಮಿತಿಯನ್ನು ಹೆಚ್ಚಿಸುವ ಸೂಚನೆಯನ್ನು ಅಲ್ಲಿನ ಮತದಾರರು 2016ರಲ್ಲಿ ತಿರಸ್ಕರಿಸಿದರು. ಕೆಟ್ಟ ಶಾಲೆಯಲ್ಲಿ ಸಿಕ್ಕಿಬಿದ್ದ ಬಡ ಮಗುವಿಗೆ ಇನ್ನೊಂದು ಬಾಗಿಲು ಬೇಡವೇ ಎಂದು ಒಂದು ಪಕ್ಷವು ಕೇಳುತ್ತದೆ. ಮಗುವಿನೊಡನೆ ಹಣವೂ ಹೊರಟುಹೋದರೆ ಹಳೆಯ ಶಾಲೆಯಲ್ಲಿ ಉಳಿದವರ ಗತಿಯೇನೆಂದು ಇನ್ನೊಂದು ಪಕ್ಷವು ಕೇಳುತ್ತದೆ.

ಮ್ಯಾನನ ಬಾಳಿನಲ್ಲಿ ಎರಡಕ್ಕೂ ಆಧಾರವುಂಟು. ಹಳೆಯ ರೂಢಿಗೆ ಅವನು ತಲೆಬಾಗಲಿಲ್ಲ; ಸರ್ವರ ಶಾಲೆಯನ್ನು ಕೈಬಿಡಲೂ ಇಲ್ಲ. ನಮ್ಮ ದೇಶದಲ್ಲಿಯೂ 1854ರ ನಿರೂಪದಿಂದ ಸಹಾಯಧನದ ಪದ್ಧತಿಯು ಮೊದಲಾಗಿ, ಸರ್ಕಾರದ ಹಣವೂ ಖಾಸಗಿ ಆಡಳಿತವೂ ಕೂಡಿದ ಶಾಲೆಗಳು ಬೆಳೆದವು. ಆದುದರಿಂದ ಈ ಚರ್ಚೆಯು ನಮಗೂ ಪರಕೀಯವಲ್ಲ. ಒಂದು ಶಾಲೆಯನ್ನು ಅಳೆಯುವಾಗ ಅದರೊಳಗಿನ ಮಕ್ಕಳ ಏಳಿಗೆಯ ಜೊತೆಗೆ, ಅದರ ಬಾಗಿಲ ಹೊರಗೆ ಉಳಿದ ಮಗುವಿನ ಸ್ಥಿತಿಯನ್ನೂ ನೋಡಬೇಕೆಂಬುದೇ ಈ ಚರಿತ್ರೆಯಿಂದ ನಾವು ಗ್ರಹಿಸುವ ಪಾಠವಾಗಿದೆ.